ನಿಮ್ಮ ಹಿತ್ತಲ ಹಲಸಿನ ಬಟ್ಟಲು

ಪ್ರೀತಿಯ ಗೆಳೆಯಾ,

ನಿಮ್ಮ ಹಿತ್ತಲ ಹಲಸಿನ ಮರ ಕಡಿಸಿದ ದಿನ ನೀನು ಪುಣೆಯಲ್ಲಿದ್ದೆ. ದೊಡ್ಡ ದಿಮ್ಮಿಗಳೆಲ್ಲ ಬಾಗಿಲು, ಕಿಟಕಿಗೆಂದು ಸಾಮಿಲ್ಲಿಗೆ ಹೋದವು. ಮೊಳದುದ್ದದ ಒಂದು ಕೊರಡು ಉಳಿದಿತ್ತು. ಬಚ್ಚಲೊಲೆಗೆ ಆಗುತ್ತೆ ಅಂತ ನಿಮ್ಮಮ್ಮ ಅದನ್ನು ಸೌದೆ ರಾಶಿಗೆ ಹಾಕಿಸಿದ್ದರು. ಕೇಳಿಕೊಂಡು ಹೊತ್ತು ತಂದೆ. ನಾವಿಬ್ಬರೂ ಹತ್ತಿ ಕೂರುತ್ತಿದ್ದ ಮರ ಕಣೋ, ಒಲೆಗೆ ಹೋಗಲಿ ಅಂತ ಬಿಡಲು ಮನಸ್ಸು ಬರಲಿಲ್ಲ.

ಮೊದಲ ಬಟ್ಟಲು ಒಡೆದುಹೋಯಿತು. ಅವಸರಪಟ್ಟು ಹಸಿ ಮರವನ್ನೇ ತೆಳ್ಳಗೆ ಕಡೆದು ಫ್ಯಾನಿನ ಕೆಳಗೆ ಇಟ್ಟಿದ್ದೆ. ಮೂರನೆಯ ರಾತ್ರಿ ಚಟ್ ಅಂತ ಸದ್ದು. ಎದ್ದು ನೋಡಿದರೆ ಅಂಚಿನಿಂದ ತಳದವರೆಗೆ ಸೀಳು. ಮರ ಒಣಗುವಾಗ ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಉಂಗುರಗಳ ಸುತ್ತ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ. ನಟ್ಟನಡುವಿನ ತಿರುಳನ್ನು ಒಳಗೇ ಬಿಟ್ಟರೆ ಸೀಳದೆ ಬೇರೆ ದಾರಿ ಇರುವುದಿಲ್ಲ. ಉಳಿದ ತುಂಡನ್ನು ಉದ್ದಕ್ಕೆ ಎರಡು ಹೋಳು ಮಾಡಿ, ತಿರುಳು ತೆಗೆದು, ಕೊಯ್ದ ತುದಿಗಳಿಗೆ ಕರಗಿಸಿದ ಮೇಣದ ಬತ್ತಿ ಬಳಿದೆ. ನೀರು ಬೇಗ ಆರಿಹೋಗುವುದು ಆ ತುದಿಗಳಿಂದಲೇ.

ಎರಡನೆಯದನ್ನು ದಪ್ಪಕ್ಕೆ ಕಡೆದೆ. 20 ಸೆಂ.ಮೀ. ಅಗಲದ ಬಾಯಿಗೆ 2 ಸೆಂ.ಮೀ. ಗೋಡೆ. ಹಸಿ ಹಲಸು ಲೇತಿನ ಮೇಲೆ ತಿರುಗುವುದನ್ನು ನೀನು ನೋಡಬೇಕಿತ್ತು. ಉಳಿಯ ಬಾಯಿಂದ ಹಳದಿ ಸುರುಳಿಗಳು ರಿಬ್ಬನ್ನಿನ ಹಾಗೆ ಎದ್ದು ಬಂದು ತೋಳಿನ ಮೇಲೆ ಬೀಳುತ್ತವೆ. ತೊಗಟೆಯ ಬದಿಯಲ್ಲಿ ಇನ್ನೂ ಅಂಟು ಇತ್ತು. ಹಣ್ಣು ಬಿಡಿಸುವ ಮುಂಚೆ ಹಚ್ಚಿಕೊಳ್ಳುತ್ತಿದ್ದೆವಲ್ಲ, ಹಾಗೇ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡೆ.

ಆಮೇಲೆ ಕಾಯುವುದೇ ಕೆಲಸ. ಕಡೆದ ಹೊಟ್ಟಿನ ಜೊತೆಗೇ ಕಾಗದದ ಚೀಲದಲ್ಲಿಟ್ಟು, ಭಾನುವಾರ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತಳದಲ್ಲೇ ಪೆನ್ಸಿಲಿನಿಂದ ಬರೆದೆ. ಮೊದಲ ದಿನ 1,140 ಗ್ರಾಂ. ನಾಲ್ಕೂವರೆ ತಿಂಗಳ ಹೊತ್ತಿಗೆ 690ಕ್ಕೆ ಬಂದು ನಿಂತಿತು. ದುಂಡಗಿದ್ದ ಬಾಯಿ ಅಷ್ಟರಲ್ಲಿ ಮೊಟ್ಟೆಯಾಕಾರ ತಾಳಿತ್ತು, ಒಂದು ಕಡೆ 5 ಮಿ.ಮೀ. ಕಡಿಮೆ. ದಪ್ಪ ಉಳಿಸಿಕೊಂಡದ್ದು ಇದಕ್ಕೇ. ಮತ್ತೆ ಲೇತಿಗೆ ಏರಿಸಿ ದುಂಡಗೆ ಮಾಡಿದೆ.

ಅಲಂಕಾರಕ್ಕೆ ಚನ್ನಪಟ್ಟಣಕ್ಕೆ ಹೋಗಿ ಕೂತು ನೋಡಿ ಬಂದೆ. ಅಲ್ಲಿ ಬಳಸುವುದು ಬೆಳ್ಳಗೆ ನುಣುಪಾದ ಆಲೆ ಮರ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ, ಉಜ್ಜಿದ ಕಾವಿಗೇ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಮೇಲೆ ಕೇದಗೆಯ ಒಣ ಎಲೆ ಒತ್ತಿದರೆ ಮಂಕಾಗಿದ್ದ ಬಣ್ಣ ಕ್ಷಣದಲ್ಲಿ ಗಾಜಿನಂತೆ ಹೊಳೆಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಲಲಿಲ್ಲ. ಹಲಸಿನ ನಾರು ಒರಟು, ಸಣ್ಣ ಸಣ್ಣ ರಂಧ್ರಗಳು ಬೇರೆ. ನನ್ನ ಮೊದಲ ಪಟ್ಟಿ ಚುಕ್ಕೆ ಚುಕ್ಕೆಯಾಗಿ ಹಿಡಿಯಿತು. ಅದನ್ನು ಕೆರೆದು ತೆಗೆದು, ಮರವನ್ನು ಇನ್ನೂ ನಯವಾಗಿ ಉಜ್ಜಿ ಮತ್ತೆ ಹಾಕಿದೆ. ಹೊರಗೆ, ಅಂಚಿನಿಂದ ಒಂದು ಬೆರಳು ಕೆಳಗೆ, ಕೆಂಪು ಪಟ್ಟಿ ಒಂದು, ಅದರಡಿ ಕಪ್ಪು ಗೆರೆ ಒಂದು. ಅಷ್ಟೇ ಸಾಕೆನಿಸಿತು. ಆ ಮರಕ್ಕೆ ತನ್ನದೇ ಬಣ್ಣ ಇದೆ.

ಒಳಗೆ ಅರಗು ಹಾಕಿಲ್ಲ. ಅಗಸೆ ಎಣ್ಣೆ ತೆಳ್ಳಗೆ ಮೂರು ಸಲ ಸವರಿದೆ. ಕೊಬ್ಬರಿ ಎಣ್ಣೆಯ ಹಾಗಲ್ಲ, ಅದು ಒಣಗಿ ಗಟ್ಟಿಯಾಗುತ್ತದೆ. ನೀನೂ ವರ್ಷಕ್ಕೊಮ್ಮೆ ಸವರು. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡ, ತಾನಾಗಿಯೇ ಕಾದು ಬೆಂಕಿ ಹತ್ತಬಹುದು. ಹರಡಿ ಒಣಗಿಸು. ಬಿಸಿ ಪದಾರ್ಥ ಹಾಕಬೇಡ, ಅರಗು ಮೆತ್ತಗಾಗುತ್ತದೆ. ಬಾಳೆಹಣ್ಣು, ಕಡಲೆಕಾಯಿ ಇಡು. ಈಗ ಅರಿಸಿನದ ಬಣ್ಣವಿದೆ, ಬೆಳಕು ಬಿದ್ದ ಹಾಗೆ ನಿಮ್ಮ ಹಳೇ ಮನೆಯ ತೊಲೆಗಳಂತೆ ಕಂದಾಗುತ್ತದೆ.

ಅಮ್ಮ ಮುಂದಿನ ವಾರ ಹೊರಟಾಗ ಅವರ ಕೈಯಲ್ಲೇ ಕೊಡುತ್ತೇನೆ. ತಳದಲ್ಲಿ ಒಂದು ಗೆರೆ ಎಳೆದಿದ್ದೇನೆ, ಅದು ನಾರಿನ ದಿಕ್ಕು. ಇಲ್ಲಿ ಮಳೆ ಹಿಡಿದಿದೆ. ಇವತ್ತು ಬಾಯಿ ಎರಡೂ ಕಡೆ ಸರಿಯಾಗಿ 184 ಮಿ.ಮೀ. ಅಲ್ಲಿಯ ಬೇಸಗೆ ಬಂದಾಗ ಗೆರೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆದು ಬರೆ. ಅಡ್ಡಕ್ಕೆ ಒಂದಿಷ್ಟು ಕುಗ್ಗಿರುತ್ತದೆ. ಎಷ್ಟು ಅಂತ ನನಗೆ ತಿಳಿಯಬೇಕು.

ನಿನ್ನ
ಗೆಳೆಯ