ಕನ್ನಡಕ ಬಿಡಿಸುವ ಮೊದಲು ರಿಪೋರ್ಟ್ ಕೈಗೆ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಲೇಸರ್ ಮಾಡಿಸಿ ಕನ್ನಡಕ ಬಿಡುವ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಉಳಿದರ್ಧ ಪುಟದಲ್ಲಿ ಅದೇ ಚಿಕಿತ್ಸೆಯ ಜಾಹೀರಾತು. ಎರಡರಲ್ಲೂ ಮಾತು ಒಂದೇ: ಹತ್ತು ನಿಮಿಷ, ನೋವಿಲ್ಲ, ಹೊಲಿಗೆ ಇಲ್ಲ, ಮಾರನೇ ದಿನವೇ ಆಫೀಸು. ಇದರಲ್ಲಿ ಸುಳ್ಳೇನೂ ಇಲ್ಲ, ನಾನೇ ಮಾಡಿಸಿಕೊಂಡವಳು. ಆದರೆ ಅವತ್ತು ಬೆಳಿಗ್ಗೆ ಎಂಟಕ್ಕೆಲ್ಲ ನಮ್ಮಕ್ಕನ ಫೋನ್ ಬಂತು. "ನೋಡೇ, ಪೇಪರ್‌ನಲ್ಲೇ ಬಂದಿದೆ. ನೀನು ಸುಮ್ನೆ ನನ್ನ ಮಗಳನ್ನ ಹೆದರಿಸಿಬಿಟ್ಟೆ" ಅಂದಳು. ಅದಕ್ಕೇ ಈ ಪತ್ರ.

ಮೊದಲು ನನ್ನ ಕತೆ ಹೇಳ್ತೀನಿ, ಇಲ್ಲದಿದ್ದರೆ ಇವಳು ಲೇಸರ್ ವಿರೋಧಿ ಅಂದುಕೊಳ್ಳುತ್ತೀರಿ.

ಎಂಟನೇ ಕ್ಲಾಸಿನಿಂದ ನನಗೆ ಕನ್ನಡಕ. ಮದುವೆ ಹೊತ್ತಿಗೆ ಎರಡೂ ಕಣ್ಣಿಗೆ ಮೈನಸ್ ಐದೂವರೆ. ಹೆಣ್ಣು ನೋಡಲು ಬಂದ ದಿನ ಅಮ್ಮ ನನ್ನ ಕನ್ನಡಕ ತೆಗೆಸಿ ಅಡುಗೆಮನೆ ಗೂಡಿನಲ್ಲಿ ಇಟ್ಟುಬಿಟ್ಟಳು. ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದರೆ ಬಿಳಿ ಅಂಗಿ ಹಾಕಿದ ಮೂರು ಮೋಡ ಕೂತಿದ್ದವು. ಅದರಲ್ಲಿ ಹುಡುಗ ಯಾರು, ಹುಡುಗನ ಮಾವ ಯಾರು ಅಂತ ಗೊತ್ತಾಗಲಿಲ್ಲ. ಹುಡುಗ ಹೇಗಿದ್ದಾನೆ ಅಂತ ಆಮೇಲೆ ಅಕ್ಕ ವರ್ಣಿಸಿದ್ದಕ್ಕೇ ನಾನು ಒಪ್ಪಿಕೊಂಡಿದ್ದು. ಈಗ ನಗು ಬರುತ್ತೆ. ಮಗ ಹುಟ್ಟಿದ ಮೇಲೆ ಮಾತ್ರ ನಗೋ ಹಾಗಿರಲಿಲ್ಲ. ರಾತ್ರಿ ಮೂರು ಗಂಟೆಗೆ ಕೂಸು ಅತ್ತರೆ ಮೊದಲು ದಿಂಬಿನ ಪಕ್ಕ ಕನ್ನಡಕ ತಡಕಬೇಕಿತ್ತು, ಆಮೇಲೆ ಕೂಸು.

2012ರಲ್ಲಿ, ಮಗನಿಗೆ ಮೂರು ವರ್ಷ ತುಂಬಿದ ಮೇಲೆ, ಬೆಂಗಳೂರಿಗೆ ಹೋಗಿ ಲೇಸಿಕ್, ಅಂದ್ರೆ ಕಣ್ಣಿನ ಮುಂಭಾಗದ ತೆಳು ಪದರ ಎತ್ತಿ ಅದರ ಕೆಳಗೆ ಲೇಸರಿನಿಂದ ಕೆತ್ತುವ ಆಪರೇಷನ್, ಮಾಡಿಸಿಕೊಂಡೆ. ಆಗ ನನಗೆ 29. ಕಣ್ಣಿಗೆ ಮರಗಟ್ಟುವ ಡ್ರಾಪ್ಸ್ ಹಾಕಿ, ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಸಿಕ್ಕಿಸಿದರು. ಬಳೆ ತರಹದ್ದೊಂದನ್ನು ಕಣ್ಣಿನ ಮೇಲೆ ಒತ್ತಿದಾಗ ಕೆಲವು ಸೆಕೆಂಡು ಪೂರ್ತಿ ಕತ್ತಲೆ. ನನಗೆ ಎದೆ ಧಸಕ್ ಅಂದಿದ್ದು ಅಲ್ಲೇ, ಯಾಕಂದ್ರೆ ಹೀಗೆ ಕತ್ತಲಾಗುತ್ತೆ ಅಂತ ಯಾರೂ ಮೊದಲೇ ಹೇಳಿರಲಿಲ್ಲ. ಆಮೇಲೆ ಮಿನುಗುವ ದೀಪ ನೋಡ್ತಾ ಇರಿ ಅಂದರು, ಟಕಟಕ ಸದ್ದು, ಜೊತೆಗೆ ಕೂದಲು ಸುಟ್ಟಂಥ ವಾಸನೆ. "ಸರ್, ಏನೋ ಸುಡ್ತಾ ಇದೆ" ಅಂದೆ. ಡಾಕ್ಟರ್ ನಕ್ಕು "ಸುಡೋದಿಲ್ಲಮ್ಮ, ಈ ಲೇಸರ್ ಬಿಸಿ ಮಾಡದೆ ಕೆತ್ತುತ್ತೆ" ಅಂದರು. ಅವರು ಹೇಳಿದ್ದು ಸರಿಯೇ. ಮದರಾಸಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್ ಅನ್ನುವ ವಿಜ್ಞಾನಿ 1981ರಲ್ಲಿ ಐಬಿಎಂ ಲ್ಯಾಬಿನಲ್ಲಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಎಕ್ಸೈಮರ್ ಅನ್ನುವ ಅತಿನೇರಳೆ ಲೇಸರ್ ಬಿಟ್ಟು ನೋಡಿದರಂತೆ. ಸುತ್ತಲಿನ ಮಾಂಸ ಸುಡದೆ ನೀಟಾಗಿ ಕತ್ತರಿಸಿತ್ತು. ಕಣ್ಣಿನ ಲೇಸರ್ ಶುರುವಾಗಿದ್ದು ಅಲ್ಲಿಂದ.

ಮಾರನೇ ಬೆಳಿಗ್ಗೆ ಕಣ್ಣಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಎದುರುಗೋಡೆಯಲ್ಲಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ತಾರೀಖು ಮಾತ್ರವಲ್ಲ, ಅದರ ಕೆಳಗಿನ ಸಣ್ಣ ಅಕ್ಷರವೂ ಹಾಸಿಗೆಯಿಂದಲೇ ಕಂಡಿತು. ಅತ್ತುಬಿಟ್ಟೆ. ಅಳಬೇಡಿ, ಕಣ್ಣು ಮುಟ್ಟಬೇಡಿ ಅಂತ ನರ್ಸ್ ಬೈದಳು. 13 ವರ್ಷ ಆಯ್ತು, ದೂರದ್ದು ನೋಡಲು ಇವತ್ತಿಗೂ ನನಗೆ ಕನ್ನಡಕ ಬೇಡ. ಆ ದುಡ್ಡು ದಂಡ ಅಂತ ಒಂದು ದಿನವೂ ಅನ್ನಿಸಿಲ್ಲ.

ಇನ್ನು ಜಾಹೀರಾತಿನಲ್ಲಿ ಇಲ್ಲದ ವಿಷಯ. ರಾತ್ರಿ ಹೊತ್ತು ದಾವಣಗೆರೆಯಿಂದ ಬೆಂಗಳೂರು ಹೈವೇಯಲ್ಲಿ ನಾನು ಗಾಡಿ ಓಡಿಸುವುದಿಲ್ಲ. ಎದುರಿನ ಲಾರಿಯ ಲೈಟು ನನಗೆ ಲೈಟಾಗಿ ಕಾಣುವುದಿಲ್ಲ, ಸುತ್ತ ಮುಳ್ಳು ಬಂದ ದೊಡ್ಡ ನಕ್ಷತ್ರವಾಗಿ ಕಾಣುತ್ತೆ. ಮೊದಲ ಆರು ತಿಂಗಳು ಇನ್ನೂ ಜಾಸ್ತಿ ಇತ್ತು, ಆಮೇಲೆ ಕಡಿಮೆಯಾಯ್ತು, ಪೂರ್ತಿ ಹೋಗಲಿಲ್ಲ. ಎರಡನೇದು ಕಣ್ಣು ಒಣಗುವುದು. ಕಾರ್ನಿಯಾ ಅಂದ್ರೆ ಕಪ್ಪುಗುಡ್ಡೆಯ ಮುಂದೆ ಗಡಿಯಾರದ ಗಾಜಿನ ಹಾಗೆ ಕೂತಿರುವ ಪದರ. ಲೇಸಿಕ್‌ನಲ್ಲಿ ಅದರ ಮೇಲ್ಭಾಗ ಎತ್ತುವಾಗ ಅದರ ಸಣ್ಣ ನರಗಳು ಕತ್ತರಿಸಿ ಹೋಗುತ್ತವೆ, ಅವು ಮತ್ತೆ ಬೆಳೆಯುವ ತನಕ ನೀರು ಬೇಕು ಅಂತ ಕಣ್ಣಿಗೆ ತಿಳಿಯುವುದೇ ಕಷ್ಟ. ತುಂಬಾ ಜನರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತೆ. ನನಗೆ ಹೋಗಲಿಲ್ಲ. ಏಪ್ರಿಲ್ ತಿಂಗಳಲ್ಲಿ, ಬ್ಯಾಂಕಿನ ಏಸಿ ಕೆಳಗೆ, ಕಂಪ್ಯೂಟರ್ ಮುಂದೆ ಕೂತರೆ ಮಧ್ಯಾಹ್ನದ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ. ಡ್ರಾಯರ್‌ನಲ್ಲಿ ಸ್ಟಾಂಪ್ ಪ್ಯಾಡ್ ಪಕ್ಕ ಯಾವಾಗಲೂ ಒಂದು ಡ್ರಾಪ್ಸ್ ಬಾಟಲಿ ಇರುತ್ತೆ.

ನನ್ನೊಬ್ಬಳ ಹಣೆಬರಹ ಇದಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬೇರೆಯವರ ಜೊತೆ ಸೇರಿ ಲೇಸಿಕ್ ಮಾಡಿಸಿಕೊಂಡವರನ್ನೇ ಕೇಳಿ ಒಂದು ಅಧ್ಯಯನ ಮಾಡಿತ್ತು, 2017ರಲ್ಲಿ ಪ್ರಕಟವಾಯ್ತು. ನೋಟದ ಬಗ್ಗೆ ತೃಪ್ತಿ ಇದೆ ಅಂದವರು 95 ಪರ್ಸೆಂಟಿಗೂ ಜಾಸ್ತಿ. ಆದರೆ ಮೊದಲು ಬೆಳಕಿನ ಸುತ್ತ ಬಳೆ, ಪ್ರಭೆ, ಎರಡೆರಡು ಕಾಣುವುದು ಇಂಥ ತೊಂದರೆ ಏನೂ ಇಲ್ಲದವರಲ್ಲಿ 46 ಪರ್ಸೆಂಟ್ ತನಕ ಜನರಿಗೆ ಮೂರು ತಿಂಗಳ ನಂತರ ಅಂಥದ್ದು ಒಂದಾದರೂ ಹೊಸದಾಗಿ ಶುರುವಾಗಿತ್ತು. ಕಣ್ಣು ಒಣಗುವ ತೊಂದರೆ ಮೊದಲಿಲ್ಲದೆ ಆಮೇಲೆ ಬಂದವರು 30 ಪರ್ಸೆಂಟ್ ತನಕ. ನೋಟದ ಈ ತೊಂದರೆಗಳಿಂದ ದಿನದ ಕೆಲಸಕ್ಕೇ ತುಂಬಾ ಕಷ್ಟ ಆಯ್ತು ಅಂದವರು ಒಂದು ಪರ್ಸೆಂಟಿಗಿಂತ ಕಡಿಮೆ, ಅದನ್ನೂ ಹೇಳಬೇಕು. ಈ ಎಲ್ಲ ಅಂಕಿಯೂ ಒಂದೇ ಅಧ್ಯಯನದ್ದು. ನಮ್ಮ ಜಾಹೀರಾತುಗಳಿಗೆ ಮಾತ್ರ ಮೊದಲನೇ ಅಂಕಿ ಸಿಕ್ಕಿದೆ, ಉಳಿದದ್ದು ಸಿಕ್ಕಿಲ್ಲ!

ಮತ್ತೆ ಚಾಳೀಸು. ನನಗೀಗ 42. ನಿಮ್ಮ ವಾಚಕರ ಪತ್ರಗಳನ್ನು ಕೈ ಉದ್ದ ಮಾಡಿ ಓದ್ತೀನಿ. ಕಣ್ಣಿನೊಳಗಿನ ಲೆನ್ಸ್ ವಯಸ್ಸಾದ ಹಾಗೆ ಬಿಗಿಯಾಗುತ್ತೆ, ಲೇಸರ್ ಕೆತ್ತುವುದು ಮುಂದಿನ ಕಾರ್ನಿಯಾವನ್ನು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನನ್ನ ಹಾಗೆ ಮೈನಸ್ ಇದ್ದವರು ಕನ್ನಡಕ ತೆಗೆದರೆ ಹತ್ತಿರದ್ದು ಕಾಣುತ್ತಿತ್ತಲ್ಲ, ಆ ಅನುಕೂಲವನ್ನೂ ನಾನು ಕೊಟ್ಟು ಬಂದಿದ್ದೀನಿ. 38, 39ನೇ ವಯಸ್ಸಿನಲ್ಲಿ "ಜೀವನಪೂರ್ತಿ ಕನ್ನಡಕ ಬೇಡ" ಅನ್ನುವ ಮಾತು ನಂಬಿ ಮಾಡಿಸಿಕೊಳ್ಳುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಇವೆಲ್ಲ ಸಹಿಸಿಕೊಳ್ಳಬಹುದಾದ್ದು. ನನಗೆ ಭಯ ಆಗಿದ್ದು ಅಕ್ಕನ ಮಗಳ ವಿಷಯದಲ್ಲಿ.

ಅವಳಿಗೆ 23, ಮೈನಸ್ ಏಳು, ಮದುವೆ ಮಾತುಕತೆ ನಡೆಯುತ್ತಿದೆ. ಹೋದ ತಿಂಗಳು ಒಂದು ಕಡೆ ತೋರಿಸಿದೆವು, ಹೆಸರು ಬೇಡ. ಮೂರು ಮೆಷಿನ್ ಮುಂದೆ ಕೂರಿಸಿದರು. ಡಾಕ್ಟರ್ ಎರಡು ನಿಮಿಷ ಮಾತಾಡಿ "ಮಾಡಬಹುದು" ಅಂದು ಎದ್ದುಹೋದರು. ಅಲ್ಲಿಂದ ನಮ್ಮನ್ನು ಒಂದು ಎಸಿ ಕೋಣೆಗೆ ಕಳಿಸಿದರು, ಅಲ್ಲಿ ಕೌನ್ಸೆಲರ್ ಅಂತ ಒಬ್ಬ ಹುಡುಗಿ. ಅವಳ ಕೈಯಲ್ಲಿ ಲ್ಯಾಮಿನೇಟ್ ಮಾಡಿದ ಒಂದು ಹಾಳೆ, ಹೋಟೆಲಿನ ಮೆನು ಇದ್ದ ಹಾಗೆ. ಮೇಲಿಂದ ಕೆಳಗೆ ಮೂವತ್ತು ಚಿಲ್ಲರೆ ಸಾವಿರದಿಂದ ಲಕ್ಷ ದಾಟುವ ತನಕ. ಬ್ಲೇಡು, ಬ್ಲೇಡಿಲ್ಲದ್ದು, ಸ್ಮೈಲ್. "ಈ ತಿಂಗಳೊಳಗೆ ಬುಕ್ ಮಾಡಿದ್ರೆ ಹತ್ತು ಸಾವಿರ ಕಡಿಮೆ ಮೇಡಂ, ಇಎಂಐ ಕೂಡ ಇದೆ." ಕಣ್ಣು ಒಣಗುತ್ತಾ ಅಂತ ಕೇಳಿದೆ. "ಅದೆಲ್ಲ ಹಳೇ ಟೆಕ್ನಾಲಜೀಲಿ ಮೇಡಂ" ಅಂದಳು. ಸ್ಮೈಲ್‌ನಲ್ಲಿ ಮೇಲಿನ ಪದರ ಎತ್ತುವುದಿಲ್ಲ, ಸಣ್ಣ ಸೀಳಿನಿಂದ ಒಳಗಿನ ಚೂರು ತೆಗೆಯುತ್ತಾರೆ, ಒಣಗುವುದು ಕಡಿಮೆ ನಿಜ. ಕಡಿಮೆ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲವಲ್ಲ! ರಿಪೋರ್ಟ್ ಕೊಡಿ ಅಂದರೆ "ಆಪರೇಷನ್ ದಿನ ಫೈಲ್ ಜೊತೆ ಕೊಡ್ತೀವಿ" ಅಂದರು. ನಾನು ಹಟ ಹಿಡಿದು ಕೂತೆ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಜನ ನನ್ನ ಮುಂದೆ ಹೀಗೇ ಹಟ ಹಿಡಿದು ಕೂತಿದ್ದಾರೆ, ಆ ವಿದ್ಯೆ ನನಗೂ ಬರುತ್ತೆ. ಕೊನೆಗೆ ಕಾರ್ನಿಯಾದ ಆಕಾರ ತೋರಿಸುವ ಬಣ್ಣಬಣ್ಣದ ಮ್ಯಾಪ್ ಇರುವ ಎರಡು ಹಾಳೆ ಕೊಟ್ಟರು.

ಆ ಹಾಳೆ ಹಿಡಿದು ಎರಡನೇ ಡಾಕ್ಟರ ಹತ್ತಿರ ಹೋದೆವು. ಅವರು ಹಾಳೆ ನೋಡಿ ಮೊದಲು ಕೇಳಿದ ಪ್ರಶ್ನೆ ಇದು: "ಕಣ್ಣು ಉಜ್ಜೋ ಅಭ್ಯಾಸ ಇದೆಯಾ ಪುಟ್ಟಿ?" ಇದೆ. ಅಲರ್ಜಿ, ಧೂಳು, ಚಿಕ್ಕಂದಿನಿಂದ ಮುಷ್ಟಿ ಕಟ್ಟಿ ಕಣ್ಣು ಉಜ್ಜುವುದೇ ಕೆಲಸ. ಮೊದಲನೇ ಕಡೆ ಇದನ್ನು ಯಾರೂ ಕೇಳಿರಲಿಲ್ಲ.

ಅವರು ಪೇಪರಿನ ಮೇಲೆ ಲೆಕ್ಕ ಹಾಕಿ ತೋರಿಸಿದರು. ಕಾರ್ನಿಯಾ ಅರ್ಧ ಮಿಲಿಮೀಟರ್ ಚಿಲ್ಲರೆ ದಪ್ಪ. ನನ್ನದು 548 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್) ಇತ್ತು, ಇವಳದು 478. ಲೇಸಿಕ್‌ನಲ್ಲಿ ಎತ್ತುವ ಪದರಕ್ಕೆ ಸುಮಾರು 110 ಹೋಗುತ್ತೆ. ಒಂದೊಂದು ನಂಬರ್ ಇಳಿಸಲು ಸುಮಾರು 15 ಅಂತ ಹಿಡಿದರೆ ಏಳಕ್ಕೆ 105. ಕೆಳಗೆ ಉಳಿಯುವುದು 263. ಕನಿಷ್ಠ 250 ಉಳಿಯಲೇಬೇಕು ಅನ್ನುವುದು ಹಳೇ ನಿಯಮ, ಎಷ್ಟೋ ಡಾಕ್ಟರುಗಳು 300 ಕೇಳುತ್ತಾರೆ. ಅಂದ್ರೆ ಬರೀ ಕೂಡು-ಕಳೆ ನೋಡಿದರೆ ನಮ್ಮ ಹುಡುಗಿ ಅಂಚಿನಲ್ಲಿ ಪಾಸು. ಆದರೆ ಮ್ಯಾಪಿನ ಕೆಳಭಾಗದಲ್ಲಿ ಕೆಂಪು ಬಣ್ಣ ಒಂದೇ ಕಡೆ ಗುಂಪಾಗಿತ್ತು. ಅಲ್ಲಿ ಕಾರ್ನಿಯಾ ಉಬ್ಬಲು ಶುರುವಾಗಿರಬಹುದು, ಕೆರಾಟೋಕೋನಸ್ ಅನ್ನುವ ಕಾಯಿಲೆಯ ಮೊದಲ ಹೆಜ್ಜೆ ಇರಬಹುದು ಅಂದರು. ಇಂಥ ಕಣ್ಣಿಗೆ ಲೇಸರ್ ಮಾಡಿದರೆ ತೆಳುವಾದ ಕಾರ್ನಿಯಾ ಒಳಗಿನ ಒತ್ತಡ ತಡೆಯಲಾರದೆ ಕೋನ್ ತರ ಮುಂದಕ್ಕೆ ಚಾಚಿಕೊಳ್ಳಬಹುದು. ಆಮೇಲೆ ಕನ್ನಡಕ ಹಾಕಿದರೂ ಸರಿಯಾಗಿ ಕಾಣುವುದಿಲ್ಲ. ಗಟ್ಟಿ ಕಾಂಟ್ಯಾಕ್ಟ್ ಲೆನ್ಸು, ಕಾರ್ನಿಯಾ ಬಿಗಿ ಮಾಡುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ, ಕೆಲವರಿಗೆ ಕಾರ್ನಿಯಾ ಬದಲಿಸುವ ತನಕ ಹೋಗುತ್ತೆ.

"ಈಗ ಬೇಡ. ಉಜ್ಜೋದು ಬಿಡು, ಅಲರ್ಜಿಗೆ ಡ್ರಾಪ್ಸ್ ಹಾಕು, ಆರು ತಿಂಗಳು ಬಿಟ್ಟು ಮತ್ತೆ ಮ್ಯಾಪ್ ಮಾಡೋಣ" ಅಂದು ಕಳಿಸಿದರು. ಫೀಸು ಬಿಟ್ಟು ಒಂದು ರೂಪಾಯಿ ಜಾಸ್ತಿ ತಗೊಳ್ಳಲಿಲ್ಲ.

ನನ್ನ ಮಾತು ಇಷ್ಟೇ. ಲೇಸರ್ ಮೆಷಿನ್ನು ನನಗೂ ಅವಳಿಗೂ ಒಂದೇ. ನನಗೆ ಒಳ್ಳೆಯದಾಯ್ತು, ಅವಳ ಕಣ್ಣು ಹೋಗಬಹುದಿತ್ತು. ವ್ಯತ್ಯಾಸ ಗೊತ್ತಾಗಿದ್ದು ಆ ಎರಡು ಹಾಳೆಯಲ್ಲಿ. ಅದನ್ನು ಕೇಳಿ ಪಡೆಯಲು ಹಟ ಹಿಡಿಯಬೇಕಾ? ಪರೀಕ್ಷೆ ಆದ ಕೂಡಲೇ ರಿಪೋರ್ಟ್ ರೋಗಿಯ ಕೈಗೆ ಕೊಡಲಿ. ಸಹಿ ಹಾಕಿಸುವ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಅದೂ ಹಿಂದಿನ ದಿನವೇ ಮನೆಗೆ ಕೊಡಲಿ. ನನಗೆ ಕೊಟ್ಟಿದ್ದು ಇಂಗ್ಲಿಷಿನ ನಾಲ್ಕು ಪುಟ, ಕಣ್ಣಿಗೆ ಡ್ರಾಪ್ಸ್ ಹಾಕಿ ಎಲ್ಲ ಮಂಜಾದ ಮೇಲೆ! ಎಲ್ಲಿ ಸಹಿ ಹಾಕಬೇಕು ಅಂತ ನರ್ಸ್ ಬೆರಳಿಟ್ಟು ತೋರಿಸಿದಳು. ನಂಬರ್ ಒಂದು ವರ್ಷದಿಂದ ನಿಂತಿದೆಯಾ, ಬಸುರಿಯಾ, ಎದೆಹಾಲು ಕೊಡ್ತಿದ್ದೀರಾ, ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟು ಎಷ್ಟು ದಿನ ಆಯ್ತು ಅನ್ನುವುದನ್ನೆಲ್ಲ ಡಾಕ್ಟರೇ ಕೂತು ಕೇಳಬೇಕು, ಮೆನು ಹಿಡಿದ ಹುಡುಗಿ ಅಲ್ಲ.

ಇನ್ನೆರಡು ವಿಷಯ ಬೇಗ ಹೇಳಿಬಿಡ್ತೀನಿ. ಕಣ್ಣಿನ ನಂಬರ್ 7.5ಕ್ಕಿಂತ ಕಡಿಮೆ ಇದ್ದರೆ ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಇದಕ್ಕೆ ದುಡ್ಡು ಬರುವುದಿಲ್ಲ, ಪಾಲಿಸಿಯ ಹೊರಗಿಟ್ಟ ಪಟ್ಟಿಯಲ್ಲೇ ಇರುತ್ತೆ. ಸರ್ಕಾರಿ ಕೆಲಸಕ್ಕೆ ಅಂತ ಮಾಡಿಸುವ ಹುಡುಗರು ಮೊದಲು ಅಧಿಸೂಚನೆ ಓದಲಿ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಲೇಸಿಕ್ ಆದವರು ಅನರ್ಹರು ಅಂತಲೇ ಬರೆದಿರುತ್ತಾರೆ. ನಮ್ಮ ಬೀದಿಯ ಒಬ್ಬ ಹುಡುಗ ಆ ಕೆಲಸಕ್ಕೇ ಅಂತ ಸಾಲ ಮಾಡಿ ಲೇಸಿಕ್ ಮಾಡಿಸಿ, ಅದೇ ಕಾರಣಕ್ಕೆ ಅವಕಾಶ ಕಳಕೊಂಡ.

ಆಗಲೇ ಮಾಡಿಸಿಕೊಂಡವರು ಹಳೇ ಫೈಲ್ ಬಿಸಾಡಬೇಡಿ. ಮುಂದೆ ಪೊರೆ ಆಪರೇಷನ್ ಬಂದಾಗ ಒಳಗೆ ಹಾಕುವ ಲೆನ್ಸಿನ ಲೆಕ್ಕಕ್ಕೆ ಲೇಸಿಕ್‌ಗಿಂತ ಮೊದಲಿನ ಅಳತೆ ಇದ್ದರೆ ಅನುಕೂಲ. ನನ್ನದು ಎಲ್‌ಐಸಿ ಬಾಂಡಿನ ಜೊತೆ ಬೀರುವಿನಲ್ಲಿದೆ. ಮೈನಸ್ ಜಾಸ್ತಿ ಇರುವವರ ಕಣ್ಣುಗುಡ್ಡೆ ಉದ್ದ ಇರುತ್ತೆ, ನಂಬರ್ ಹೋದರೂ ಆ ಉದ್ದ ಮೊದಲಿನಷ್ಟೇ, ಹಾಗಾಗಿ ಕಣ್ಣಿನ ಹಿಂದಿನ ಪದರ ರೆಟಿನಾ ಹರಿಯುವ ಅಪಾಯವೂ ಮೊದಲಿನಷ್ಟೇ. ಮಿಂಚು ಹೊಡೆದ ಹಾಗೆ, ಕಪ್ಪು ಚುಕ್ಕೆಗಳ ಮಳೆ ಸುರಿದ ಹಾಗೆ ಕಂಡರೆ ಅವತ್ತೇ ಓಡಿ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ನೋಟ ಬಂದಾಗ ನಮ್ಮ ಬ್ರಾಂಚಿನವರೆಲ್ಲ ನೇತ್ರದಾನಕ್ಕೆ ಬರೆದುಕೊಟ್ಟೆವು. ನನ್ನದು ನಡೆಯುತ್ತಾ ಅಂತ ಅನುಮಾನ ಇತ್ತು. ಕೊಡಬಹುದಂತೆ, ಲೇಸಿಕ್ ಆಗಿದೆ ಅಂತ ಮನೆಯವರು ತಿಳಿಸಬೇಕು ಅಷ್ಟೇ. ಕಾರ್ನಿಯಾದ ಒಳಪದರ ಕೆಲಸಕ್ಕೆ ಬರುತ್ತೆ.

ನಿಮ್ಮ ಲೇಖನದಲ್ಲಿ ಇದರ ಕಾಲುಭಾಗ ಇದ್ದಿದ್ದರೂ ಅಕ್ಕ ನನಗೆ ಬೈಯುತ್ತಿರಲಿಲ್ಲ. ಜಾಹೀರಾತು ಹಾಕಬೇಡಿ ಅನ್ನಲ್ಲ, ಪೇಪರ್ ನಡೆಯಬೇಕಲ್ಲ. ಪಕ್ಕದ ಲೇಖನವೂ ದುಡ್ಡು ಕೊಟ್ಟು ಬಂದದ್ದಾದರೆ ಮೇಲೆ "ಜಾಹೀರಾತು" ಅಂತ ನನ್ನಂಥವಳಿಗೂ ಕಾಣುವ ಅಕ್ಷರದಲ್ಲಿ ಹಾಕಿ.

ಹುಡುಗಿ ಈಗ ತೆಳು ಫ್ರೇಮಿನ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾಳೆ. ಬಯೋಡೇಟಾಗೆ ಕನ್ನಡಕ ಹಾಕಿಯೇ ಫೋಟೋ ತೆಗೆಸಿದ್ದಾಳೆ. "ಬರೋನ ಮುಖ ನಾನು ನೋಡ್ಬೇಕಲ್ಲ ಚಿಕ್ಕಮ್ಮ" ಅಂದಳು. ಮುಂದಿನ ಮ್ಯಾಪ್‌ಗೆ ಇನ್ನೂ ಐದು ತಿಂಗಳಿದೆ. ಮಾತುಕತೆ ನಡೆಯುತ್ತಿರುವುದರಿಂದ ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ,
ದಾವಣಗೆರೆ