ಕೆಂಪು ಶಾಯಿಯಲ್ಲಿ ತಾರೀಖು ಬರೆದ ಆಶಾ ಅಕ್ಕನಿಗೆ

ಯಾದಗಿರಿ ಕಡೆ ಆಶಾ ಕಾರ್ಯಕರ್ತೆಯಾಗಿರುವ ಈ ಅಕ್ಕನ ಹೆಸರು ಬರೆಯುತ್ತಿಲ್ಲ, ಅವರಿಗೆ ಅದು ಇಷ್ಟವಿಲ್ಲ. ಋಣ ಮಾತ್ರ ದೊಡ್ಡದು.

ಬೆಂಗಳೂರಿನಲ್ಲಿ ಗರ್ಭಿಣಿಯರ ಸ್ಕ್ಯಾನ್ ಅಂದರೆ ಪಕ್ಕದ ರಸ್ತೆ. ಅಕ್ಕನ ಊರ ಕಡೆ ತಾಲ್ಲೂಕು ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು. ಮಷಿನ್ ಇದ್ದರೂ ಸ್ಕ್ಯಾನ್ ಮಾಡುವ ಡಾಕ್ಟರ್ ಇಲ್ಲದಿದ್ದರೆ ಬರಿಗೈಲಿ ವಾಪಸ್. ಹೀಗೆ ಮಗುವಿನ ಅಂಗಾಂಗ ನೋಡುವ 18ರಿಂದ 20ನೇ ವಾರದ ಸ್ಕ್ಯಾನೇ ತಪ್ಪಿಹೋಗುತ್ತದೆ. ಏಳನೇ ತಿಂಗಳಲ್ಲಿ ದೋಷ ಕಂಡರೆ ಮುಂದೆ ಏನಾದರೂ ಮಾಡಲು ದಾರಿಗಳು ಕಡಿಮೆ.

ಕೊನೇ ಮುಟ್ಟಿನ ತಾರೀಖು ಹಲವರಿಗೆ ನೆನಪಿರುವುದಿಲ್ಲ. ಅಕ್ಕ ತಾರೀಖು ಕೇಳುವುದೇ ಇಲ್ಲ, "ಕಾರಹುಣ್ಣಿಮಿ ಮುಂಚೇನೋ, ಆಮ್ಯಾಲೋ?" ಅಂತ ಕೇಳಿ ಲೆಕ್ಕ ಹಿಡಿಯುತ್ತಾರೆ. ಮೊದಲ ಸ್ಕ್ಯಾನ್ ಆದಮೇಲೆ ಆ ಲೆಕ್ಕ ತಿದ್ದಿ, 18 ವಾರ ತುಂಬುವ ದಿನವನ್ನು ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಸುತ್ತು ಹಾಕುತ್ತಾರೆ. ಹಿಂದಿನ ದಿನವೇ ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರ್ ಇರುತ್ತಾರಾ ಎಂದು ಕೇಳುತ್ತಾರೆ. ಪ್ರತಿ ತಿಂಗಳು 9ನೇ ತಾರೀಖಿನ ಉಚಿತ ಗರ್ಭಿಣಿ ತಪಾಸಣೆಗೆ ಜೊತೆಗೇ ಹೋಗುತ್ತಾರೆ. ಗುರುತಿನ ಚೀಟಿ ಮರೆತು ಸ್ಕ್ಯಾನ್ ನಿಲ್ಲಬಾರದೆಂದು ಮನೆ ಬಾಗಿಲಲ್ಲೇ ಚೀಲ ನೋಡುತ್ತಾರೆ.

ಕಬ್ಬಿಣದ ಮಾತ್ರೆ ದಿನಕ್ಕೊಂದು, 180 ದಿನ. ಚಹಾದ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ತಾಸು ಅಂತರ. ಇಲ್ಲದಿದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದನ್ನು ಅತ್ತೆಯರಿಗೂ ಕೂರಿಸಿ ಹೇಳುತ್ತಾರೆ.

ಗುಳೆ ಹೊರಟವರ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, "ಹೋದ ಊರಾಗ ಮೊದಲು ಇದನ್ನ ತೋರಸು" ಎಂದು ಕೈಗಿಡುವುದೂ ಅವರೇ.

ಅಕ್ಕಾ, ನಿಮಗೆ ಕೈಮುಗಿದು ಧನ್ಯವಾದ.