ಬಾಡಿಗೆ ಏರಿಕೆಗೆ ಕರಾರೇ ಕಡಿವಾಣ

ಮಾನ್ಯರೇ,

ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ಬೆಂಗಳೂರಿನ ಬಾಡಿಗೆದಾರರು ನಿಶ್ಚಿಂತೆಯಿಂದ ಇರುವಂತಿಲ್ಲ. ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದೇ ಇಲ್ಲ. ಆ ದರಕ್ಕೆ ಇಂದು ವಠಾರದ ಒಂದು ಕೋಣೆ ಸಿಕ್ಕರೂ ಪುಣ್ಯ! ಹೀಗಾಗಿ ಏರಿಕೆಗೆ ಮಿತಿ ಎಂಬುದಿದ್ದರೆ ಅದು ಕರಾರುಪತ್ರದಲ್ಲಿ ಮಾತ್ರ.

ಹನ್ನೊಂದು ತಿಂಗಳ ಕರಾರಿನಲ್ಲಿ 'ಪರಸ್ಪರ ಒಪ್ಪಿಗೆಯಂತೆ ಹೆಚ್ಚಳ' ಎಂದಿದ್ದರೆ ಸಹಿ ಹಾಕಬೇಡಿ. ನವೀಕರಣದ ಹೊತ್ತಿಗೆ ಮಾಲೀಕರು ಹೇಳಿದ್ದೇ ದರವಾಗುತ್ತದೆ. ಶೇಕಡಾವಾರು ಎಷ್ಟೆಂದು ಅಂಕಿಯಲ್ಲೇ ಬರೆಸಿ. 20,000 ರೂಪಾಯಿ ಬಾಡಿಗೆ ಶೇ 5ರಂತೆ ಮೂರು ಸಲ ಏರಿದರೆ ಸುಮಾರು 23,150. ಶೇ 10ರಂತಾದರೆ 26,620. ನಿರ್ವಹಣಾ ಶುಲ್ಕವನ್ನು ಬಾಡಿಗೆಯೊಳಗೆ ಸೇರಿಸಿದ್ದರೆ ಅದರ ಮೇಲೂ ಏರಿಕೆ ಬೀಳುತ್ತದೆ, ಬೇರೆಯಾಗಿ ತೋರಿಸಿ.

ಮನೆ ಬಿಡುವಾಗ ಮುಂಗಡದ ಜಗಳ ಹುಟ್ಟುವುದು ಅದರಲ್ಲಿ ಕಡಿತವಾಗುವ ಬಣ್ಣದ ಖರ್ಚಿನಿಂದ. 'ಒಂದು ತಿಂಗಳ ಬಾಡಿಗೆ ಕಡಿತ' ಎಂಬುದರ ಬದಲು 'ಬಿಲ್ಲಿನಂತೆ' ಎಂದು ಬರೆಸುವುದು ಮೇಲು. ಮನೆಗೆ ಬಂದ ದಿನವೇ ಗೋಡೆ, ನಲ್ಲಿ, ಗೀಸರ್‌ಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ.

ಕಾನೂನು ಕ್ರಮವಿಲ್ಲದೆ ಬೀಗ ಹಾಕಿ ಹೊರದಬ್ಬಿದರೆ, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ಸಿವಿಲ್ ದಾವೆ ಹೂಡಬಹುದು.

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಸತಿ ಮನೆಗಳ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ. ಆದರೆ ರಾಜ್ಯ ಕಾನೂನು ಮಾಡದ ಹೊರತು ಅದಕ್ಕೆ ಬಲವಿಲ್ಲ. ಕನಿಷ್ಠ 3,500ರ ಆ ಹಳೆಯ ಮಿತಿಯನ್ನಾದರೂ ಸರ್ಕಾರ ಪರಿಷ್ಕರಿಸಲಿ.

– ಬಾಡಿಗೆದಾರರೊಬ್ಬರು, ಬೆಂಗಳೂರು